ಇಪ್ಪತ್ತನಾಲ್ಕನೆಯ ಪೆಟ್ಟಿಗೆ

ಶ್ರೀರಂಗಪಟ್ಟಣದಲ್ಲಿ ಕಟ್ಟಡಗಳಿಗೂ ಕಾಲುಂಟು. ಬೆಂಗಳೂರು–ಮೈಸೂರು ರೈಲುದಾರಿಯನ್ನು ಜೋಡಿಮಾರ್ಗವಾಗಿಸುವಾಗ ಅಡ್ಡ ಬಂದ ಟೀಪೂ ಸುಲ್ತಾನನ ಶಸ್ತ್ರಾಗಾರವನ್ನು 2017ರಲ್ಲಿ ಎಂಜಿನಿಯರುಗಳು ಒಡೆಯಲಿಲ್ಲ. ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಗಾರೆಯ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗೂ ಮಿಕ್ಕ ದೂರಕ್ಕೆ ಸರಿಸಿ ಕೂರಿಸಿದರು. ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ನಡೆದುದು ಇನ್ನೊಂದು ಬಗೆ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿಯ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಒಂದೊಂದಕ್ಕೂ ಗುರುತು ಹಾಕಿ, ದಡದ ಮೇಲೆ ಮತ್ತೆ ಜೋಡಿಸಿದರು. ಮನೆ ಬದಲಿಸುವವರಿಗೆ ಈ ಎರಡೇ ದಾರಿ: ಇದ್ದಂತೆಯೇ ಹೊರುವುದು, ಇಲ್ಲವೇ ಬಿಚ್ಚಿ ಕಟ್ಟುವುದು.

ಪಾಂಡವಪುರದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಈ ಆಯ್ಕೆಯ ಸಂಕಟ ಒದಗಿದ್ದು ಇ-ಮೇಲಿನ ವಿಷಯದಲ್ಲಿ. ಅವರದು ಶ್ರೀರಂಗಪಟ್ಟಣದಲ್ಲಿ ಗೋದಾಮು, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಶಾಖೆಗಳಿರುವ ವ್ಯವಹಾರ. ಎಲ್ಲ ಪತ್ರಗಳೂ ಬಂದು ಸೇರುತ್ತಿದ್ದುದು ಕಚೇರಿಯ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಒಂದು ಸರ್ವರಿಗೆ. ಅದರೊಳಗಿನ ಕಾರ್ಯವ್ಯವಸ್ಥೆ ಸೆಂಟೋಸ್ 7. ಅದಕ್ಕೆ ಭದ್ರತೆಯ ತೇಪೆ ಹಾಕುವುದನ್ನು ತಯಾರಕರು 2024ರ ಜೂನ್ 30ಕ್ಕೆ ನಿಲ್ಲಿಸಿದರು. ಬೀಗ ಸವೆದರೆ ಬೇರೊಂದು ಬೀಗ ಕೊಡುವವರಿಲ್ಲದ ಮನೆಯಾಯಿತು ಅದು.

ಯಜಮಾನರ ಅಕ್ಕನ ಮಗ ಈ ವಿದ್ಯೆ ಬಲ್ಲವನು. “ಹಳೆಯದರ ಮೇಲೆಯೇ ಹೊಸದನ್ನು ಕೂರಿಸಿಬಿಡು, ಶಸ್ತ್ರಾಗಾರ ಸರಿಸಿದ ಹಾಗೆ” ಎಂದರು ಯಜಮಾನರು.

“ಕೂರಿಸಬಹುದು ಮಾವ. ಆದರೆ ಅರ್ಧದಲ್ಲಿ ನಿಂತರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಪಕ್ಕದಲ್ಲೇ ಹೊಸದೊಂದು ಕಟ್ಟಿ, ಒಂದೊಂದಾಗಿ ಸಾಗಿಸೋಣ. ಗುಡಿ ಸಾಗಿಸಿದ ಹಾಗೆ.”

ಹೊಸ ಯಂತ್ರ ಬಂತು. ಆಲ್ಮಾಲಿನಕ್ಸ್ 9 ಅದರಲ್ಲಿ ಪ್ರತಿಷ್ಠಾಪಿತವಾಯಿತು. ಇನ್ನು ಕಲ್ಲುಗಳಿಗೆ ಗುರುತು ಹಾಕುವ ಕೆಲಸ. ಸಿಬ್ಬಂದಿಯ ಪಟ್ಟಿ ತರಿಸಿದರೆ ಅದರಲ್ಲಿ ಇಪ್ಪತ್ತಮೂರು ಹೆಸರು. ಯಂತ್ರದಲ್ಲಿ ಎಣಿಸಿದರೆ ಇಪ್ಪತ್ತನಾಲ್ಕು ಅಂಚೆಪೆಟ್ಟಿಗೆ.

“ಇದು ಯಾರದು ಮಾವ? ಪಟ್ಟಿಯಲ್ಲಿಲ್ಲ. ಬಿಟ್ಟುಬಿಡಲೇ?”

ಯಜಮಾನರು ಕನ್ನಡಕ ಏರಿಸಿ ನೋಡಿದರು. ಮೂರು ವರ್ಷದ ಹಿಂದೆ ತೀರಿಕೊಂಡ ಲೆಕ್ಕಿಗರದು. ಕಬ್ಬು ತರುತ್ತಿದ್ದ ರೈತರಿಗೆಲ್ಲ ಆ ಪುಣ್ಯಾತ್ಮರು ಒಂದೇ ಮಾತು ಹೇಳುತ್ತಿದ್ದರು: “ತೂಕದಲ್ಲಿ, ಹಣದಲ್ಲಿ ಏನೇ ತಕರಾರಿದ್ದರೂ ನಿಮ್ಮ ಮಕ್ಕಳ ಕೈಲಿ ನನಗೆ ಬರೆಸಿ.” ಮಕ್ಕಳು ಬರೆಯುತ್ತಲೇ ಇದ್ದರು. ತೀರಿಕೊಂಡ ಸುದ್ದಿ ನಾಲ್ಕು ತಾಲ್ಲೂಕಿನ ಹಳ್ಳಿಗಳಿಗೆಲ್ಲ ಮುಟ್ಟಿರಲಿಲ್ಲ; ಪೆಟ್ಟಿಗೆಯನ್ನು ಮುಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ಯಂತ್ರ ಮಾತ್ರ ವಿಧೇಯ ಆಳಿನಂತೆ ಬಂದ ಪತ್ರಗಳನ್ನೆಲ್ಲ ಜೋಡಿಸಿಡುತ್ತಿತ್ತು. ಒಂದು ಪತ್ರ ಹಿಂದಿನ ವಾರದ್ದು, ಕೆ.ಆರ್. ಪೇಟೆ ಕಡೆಯದು. ಅಪ್ಪನ ಕಬ್ಬಿನ ರಸೀತಿ ಸಿಕ್ಕದೆ ಬ್ಯಾಂಕಿನ ಸಾಲ ನಿಂತಿದೆ ಎಂದು ಹುಡುಗಿಯೊಬ್ಬಳು ನಾಲ್ಕನೆಯ ಸಲ ಬರೆದಿದ್ದಳು. ಕಡೆಯ ಸಾಲಿನಲ್ಲಿ, “ತಾತ, ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ” ಎಂದಿತ್ತು.

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮೊದಲು ಇದನ್ನು ಸಾಗಿಸು” ಎಂದರು.

ಸಾಗಣೆಗೆ ಭಾನುವಾರ ಗೊತ್ತಾಯಿತು. ಯಾವ ಹೆಸರಿನ ಪತ್ರ ಯಾವ ಯಂತ್ರಕ್ಕೆ ಹೋಗಬೇಕೆಂದು ತಿಳಿಸುವ ವಿಳಾಸಪಟ್ಟಿಯನ್ನು ಲೋಕದ ಕಂಪ್ಯೂಟರುಗಳು ಒಮ್ಮೆ ಕೇಳಿ, ಇಷ್ಟು ಕಾಲವೆಂದು ನೆನಪಿಟ್ಟುಕೊಳ್ಳುತ್ತವೆ. ಆ ನೆನಪಿನ ಅವಧಿಯನ್ನು ಹುಡುಗ ಎರಡು ದಿನ ಮೊದಲೇ ಐದು ನಿಮಿಷಕ್ಕೆ ಇಳಿಸಿಟ್ಟಿದ್ದ. ನಡುವೆ ಬಂದ ಪತ್ರಗಳು ಕಳೆದುಹೋಗುವುದಿಲ್ಲವೇ ಎಂದು ಯಜಮಾನರಿಗೆ ಭಯ. ಆದರೆ 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಇ-ಮೇಲಿನ ನಿಯಮದಲ್ಲೇ ಅದಕ್ಕೆ ಉತ್ತರವಿದೆ: ಬಾಗಿಲು ತೆರೆಯದಿದ್ದರೆ ಕಳುಹಿಸಿದ ಯಂತ್ರ ಪತ್ರವನ್ನು ಎಸೆಯದೆ ಇಟ್ಟುಕೊಂಡು, ಮತ್ತೆ ಮತ್ತೆ ಬಂದು ತಟ್ಟುತ್ತದೆ. ಈಗಿನ ರೂಢಿಯಲ್ಲಿ ನಾಲ್ಕೈದು ದಿನ ಅದಕ್ಕೆ ತಾಳ್ಮೆಯುಂಟು. ಕೆ.ಆರ್. ಪೇಟೆಯ ಹುಡುಗಿಯ ತಾಳ್ಮೆಗೆ ಹೋಲಿಸಿದರೆ ಅದೇನೂ ಹೆಚ್ಚಲ್ಲ.

ಸೋಮವಾರ ಬೆಳಗ್ಗೆ ಪತ್ರಗಳು ಸರಾಗವಾಗಿ ಬಂದವು. ಹೊರಟವು ಮಾತ್ರ ಹಲವರ ಕಸದ ಬುಟ್ಟಿಗೆ ಬಿದ್ದವು. ಯಂತ್ರದ ಅಂತರಜಾಲದ ಸಂಖ್ಯೆ ಹೊಸದು. ಹೊಸ ಸಂಖ್ಯೆಯನ್ನು ದೊಡ್ಡ ಅಂಚೆ ಸಂಸ್ಥೆಗಳು ಒಮ್ಮೆಗೇ ನಂಬುವುದಿಲ್ಲ. ಸಂತೆಗೆ ಮೊದಲ ದಿನ ಬಂದವನಿಗೆ ಕಡ ಕೊಡುವವರುಂಟೇ? ಹುಡುಗ ಸಹಿ, ಮುದ್ರೆಗಳ ದಾಖಲೆಗಳನ್ನೆಲ್ಲ ಸರಿಪಡಿಸಿದ. ನಂಬಿಕೆ ಹುಟ್ಟಲು ಎರಡು ವಾರ ಹಿಡಿಯಿತು.

ಆ ಎರಡು ವಾರವೂ ಸಂಜೆ ಬಾಗಿಲು ಹಾಕಿದ ಮೇಲೆ ಯಜಮಾನರು ಇಪ್ಪತ್ತನಾಲ್ಕನೆಯ ಪೆಟ್ಟಿಗೆಯ ಮುಂದೆ ಕುಳಿತು, ಹಳೆಯ ಲೆಕ್ಕದ ಪುಸ್ತಕ ತೆಗೆದು, ಒಂದೊಂದು ಪತ್ರಕ್ಕೂ ಉತ್ತರ ಬರೆದರು. ಕೆ.ಆರ್. ಪೇಟೆಯ ರಸೀತಿಯನ್ನು ಮಾತ್ರ ಇ-ಮೇಲಿಗೆ ಒಪ್ಪಿಸಲಿಲ್ಲ. ಕಸದ ಬುಟ್ಟಿಯ ಭಯ. ಮರುದಿನವೇ ಕಾರಿನಲ್ಲಿ ಹೋಗಿ ಕೈಯಾರೆ ಕೊಟ್ಟು ಬಂದರು.

ಹಳೆಯ ಯಂತ್ರವನ್ನು ಒಂದು ತಿಂಗಳು ಹಾಗೆಯೇ ಬಿಟ್ಟಿದ್ದು, ಕೊನೆಗೊಂದು ದಿನ ಆರಿಸಿದರು. ಗುಂಯ್ ಸದ್ದು ನಿಂತಿತು. ಸಿಬ್ಬಂದಿಯ ಪಟ್ಟಿಯನ್ನೂ ಅಂದು ತಿದ್ದಲಾಯಿತು. ಅದರಲ್ಲೀಗ ಇಪ್ಪತ್ತನಾಲ್ಕು ಸಾಲು. ಕೊನೆಯ ಸಾಲಿನಲ್ಲಿ ಲೆಕ್ಕಿಗರ ವಿಳಾಸ. ಅದರ ಎದುರು, ‘ಪತ್ರ ನೋಡತಕ್ಕವರು’ ಎಂಬಲ್ಲಿ ಯಜಮಾನರದೇ ಹೆಸರು.