ಹಾಸನದ ಸಮುದ್ರಕ್ಕೆ ಹಿಡಿದ ಪಾಚಿ

ಸಮುದ್ರವೆಂಬ ಮಾತಿಗೆ ಹಾಸನ ಸೀಮೆಯವರು ಎಂದೂ ಅಂಜಿದವರಲ್ಲ. ಹೊಯ್ಸಳರು ತಮ್ಮ ರಾಜಧಾನಿಯನ್ನೇ ದೋರಸಮುದ್ರವೆಂದು ಕರೆದರು. ಅಲ್ಲಿರುವುದು ಒಂದು ದೊಡ್ಡ ಕೆರೆ ಎಂಬ ಸಂಕೋಚ ಅವರನ್ನು ಬಾಧಿಸಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೆಸರನ್ನು ಕೊಟ್ಟದ್ದು ಒಂದು ಬಿಳಿಯ ಕೊಳ. ಹೊಳೆನರಸೀಪುರ ತನ್ನ ಹೊಳೆಯನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ಮೆರೆಯುತ್ತಿದೆ. ಅರಕಲಗೂಡಿನವರಿಗಂತೂ ಒಂದು ಮಗ್ಗುಲಿಗೆ ಹೇಮಾವತಿ, ಇನ್ನೊಂದು ಮಗ್ಗುಲಿಗೆ ಕಾವೇರಿ. ನೀರಿಗೆ ಇಲ್ಲಿ ಎಂದೂ ಗೌರವ ಕಡಮೆಯಾದದ್ದಿಲ್ಲ. ಆದರೆ ಈ ನೀರುಗಳೆಲ್ಲ ಸಿಹಿನೀರು. ಕಡಲಿನಿಂದ 3000 ಅಡಿಗೂ ಮಿಕ್ಕಿದ ಎತ್ತರದಲ್ಲಿ ಕುಳಿತು, ಶಿರಾಡಿ ಘಾಟಿಯನ್ನು ನಡುವೆ ಇಟ್ಟುಕೊಂಡು, ಉಪ್ಪುನೀರಿನ ಸಮುದ್ರವೊಂದನ್ನು ನಡುಮನೆಯಲ್ಲಿ ಸ್ಥಾಪಿಸಬೇಕೆಂಬ ಯೋಚನೆ ಹೊಯ್ಸಳರಿಗೂ ಹೊಳೆದಿರಲಾರದು. ಅದು ಹೊಳೆದದ್ದು ಹಾಸನದ ಒಬ್ಬ ಬ್ಯಾಂಕ್ ಉದ್ಯೋಗಿಗೆ.

ಅವರಿಗೆ ಹಾಗೆ ಹೊಳೆಯಲು ಕಾರಣವಿತ್ತು. ಒಂಬತ್ತು ವರ್ಷ ಕಾರವಾರದಲ್ಲಿದ್ದು ಸ್ವಂತ ಜಿಲ್ಲೆಗೆ ವರ್ಗವಾಗಿ ಬಂದವರು ಅವರು. ವರ್ಗದ ಆಜ್ಞೆ ಕೈಗೆ ಬಂದ ದಿನ ಗಂಡಹೆಂಡಿರು ಸಿಹಿ ಹಂಚಿದರು. ಹನ್ನೆರಡು ವರ್ಷದ ಮಗಳು ಮಾತ್ರ ಊಟ ಬಿಟ್ಟಳು. ಶಾಲೆಯಿಂದ ಬಂದವಳೇ ಚಪ್ಪಲಿ ಕಳಚಿ ಮರಳಿಗೆ ಇಳಿಯುತ್ತಿದ್ದ ಹುಡುಗಿ ಅವಳು. ಹಾಸನಕ್ಕೆ ಬಂದ ಮೇಲೆ ಅವಳ ಮಾತು ದಿನದಿನಕ್ಕೆ ಕಡಮೆಯಾಯಿತು. ಹೊಸ ಶಾಲೆಯಲ್ಲಿ ಗೆಳತಿಯರಾಗಲಿಲ್ಲ. ಸಂಜೆ ಕಿಟಕಿಯ ಬಳಿ ಕುಳಿತರೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ಇದನ್ನು ಮೂರು ತಿಂಗಳು ನೋಡಿದ ತಂದೆ, “ನಿನಗೆ ಸಮುದ್ರ ತಾನೆ ಬೇಕು? ಮನೆಗೇ ತರೋಣ” ಎಂದುಬಿಟ್ಟರು. ತಂದೆಯಾದವನು ಇಂಥ ಮಾತನ್ನು ಆಡುವಾಗ ಲೆಕ್ಕ ಹಾಕಿರುವುದಿಲ್ಲ.

ಲೆಕ್ಕ ಆಮೇಲೆ ಬಂದಿತು. 200 ಲೀಟರಿನ ಗಾಜಿನ ತೊಟ್ಟಿ, ನೀರನ್ನು ತಿರುಗಿಸುವ ಯಂತ್ರ, ಬೆಳಕು, ಮರಳು, ವಿದ್ಯುತ್ತು ಹೋದಾಗ ಯಂತ್ರ ನಿಲ್ಲದಂತೆ ಇನ್ವರ್ಟರು. ಉಪ್ಪಿನ ವಿಷಯವೇ ಬೇರೆ. ಲೀಟರಿಗೆ 35 ಗ್ರಾಮಿನಂತೆ 7 ಕಿಲೋ ಬೇಕು. ಅದೂ ಅಡುಗೆಮನೆಯ ಉಪ್ಪಲ್ಲ, ಕ್ಯಾಲ್ಸಿಯಂ ಮೆಗ್ನೀಸಿಯಂಗಳು ಕಡಲಿನ ಪ್ರಮಾಣದಲ್ಲೇ ಬೆರೆತ ಉಪ್ಪು. ಹವಳವನ್ನು ಮಾತ್ರ ಅವರು ಕೊಳ್ಳಲಿಲ್ಲ. ಕಲ್ಲುಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಅವು ಬೆಳೆಯುತ್ತವೆ, ಅಲ್ಲಿಯೇ ಇರತಕ್ಕದ್ದು. ಸಿಮೆಂಟಿನಲ್ಲಿ ಎರಕ ಹೊಯ್ದ ರಂಧ್ರರಂಧ್ರದ ಕಲ್ಲುಗಳನ್ನು ಜೋಡಿಸಿ ಒಂದು ಬಂಡೆಯ ಸಾಲನ್ನು ಮಾಡಿದರು. ಬೆಂಗಳೂರಿನ ಅಂಗಡಿಯೊಂದರಲ್ಲಿ ಎರಡು ಕೋಡಂಗಿ ಮೀನುಗಳಿಗೆ ಮುಂಗಡ ಕೊಟ್ಟದ್ದಾಯಿತು. ನೀರು ಹದಕ್ಕೆ ಬಂದಮೇಲೆ ಅವುಗಳ ಗೃಹಪ್ರವೇಶ.

ಮೊದಲ ಎರಡು ವಾರ ತೊಟ್ಟಿ ಸ್ಫಟಿಕದಂತಿತ್ತು. ಹುಡುಗಿ ಕಿಟಕಿಯನ್ನು ಬಿಟ್ಟು ತೊಟ್ಟಿಯ ಮುಂದೆ ಕುಳಿತಳು. ಮೂರನೆಯ ವಾರ ಬಿಳಿಯ ಮರಳಿನ ಮೇಲೆ ಬಶಿಯಿಂದ ಕಾಫಿ ತುಳುಕಿದಂತೆ ಒಂದು ಕಲೆ ಕಾಣಿಸಿತು. ನಾಲ್ಕು ದಿನದಲ್ಲಿ ಮರಳೆಲ್ಲ ಕಂದು, ಕಲ್ಲೆಲ್ಲ ಕಂದು, ಗಾಜಿನ ಮೇಲೆ ಬೀದಿಯ ಧೂಳು ಕುಳಿತ ಹಾಗೆ. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಪ್ರತ್ಯಕ್ಷ. ಮನೆಗೆ ಬಂದವರು ಮೂಗು ಮುರಿದರು. ಅರಕಲಗೂಡಿನಿಂದ ಬಂದಿದ್ದ ಚಿಕ್ಕಮ್ಮನವರು, “ಮೀನನ್ನೆಲ್ಲ ರಾಮನಾಥಪುರಕ್ಕೆ ತಂದು ಹೊಳೆಗೆ ಬಿಟ್ಬಿಡಪ್ಪ, ಅಲ್ಲಿ ಯಾರೂ ಹಿಡಿಯೋದಿಲ್ಲ, ಪುಣ್ಯ ಬರುತ್ತೆ” ಎಂದರು. ರಾಮನಾಥಪುರದಲ್ಲಿ ಕಾವೇರಿಯ ಮೀನುಗಳು ದೇವರ ಮೀನುಗಳೆಂದೇ ಬದುಕಿವೆ. ಭಕ್ತರು ಎಸೆಯುವ ಪುರಿಗೆ ಮೊಳದುದ್ದದ ಮೀನುಗಳು ಮುಗಿಬೀಳುವುದನ್ನು ನೋಡಿದವರು ಆ ಸಲಹೆಯನ್ನು ನಗುವಂತಿಲ್ಲ. ಆದರೆ ಕಡಲ ಮೀನು ಸಿಹಿನೀರಿನಲ್ಲಿ ಹೆಚ್ಚು ಹೊತ್ತು ಉಳಿಯಲಾರದು. ತೊಟ್ಟಿಯಲ್ಲಿ ಇನ್ನೂ ಒಂದು ಮೀನೂ ಇರಲಿಲ್ಲವೆಂಬುದು ಬೇರೆ ಮಾತು.

ಹುಡುಗಿ ಏನೂ ಹೇಳಲಿಲ್ಲ. ಎದ್ದು ಹೋಗಿ ಮತ್ತೆ ಕಿಟಕಿಯ ಬಳಿ ಕುಳಿತಳು. ತಂದೆಗೆ ಎದೆ ಚುಚ್ಚಿದ್ದು ಅದು. ಹೋದ ಹಣ ಹೋಯಿತು. ಭಾನುವಾರ ನೀರನ್ನೆಲ್ಲ ಚೆಲ್ಲಿ, ಮರಳು ಕಲ್ಲುಗಳನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ಮೊದಲಿನಿಂದ ಆರಂಭಿಸುವುದೆಂದು ಅವರು ನಿಶ್ಚಯಿಸಿದರು. ಬಕೆಟ್ಟುಗಳು ಸಾಲಾಗಿ ನಿಂತವು.

ಹಾಗೆ ಮಾಡಿದ್ದರೆ ಏನಾಗುತ್ತಿತ್ತೆಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಹೊಸದಾಗಿ ಉಪ್ಪುನೀರಿನ ತೊಟ್ಟಿಯನ್ನಿಟ್ಟವರಲ್ಲಿ ಬಹುಮಂದಿ ಸೋಲುವುದು ಈ ಭಾನುವಾರದಂದೇ. ಮೀನಿನ ಕೊಳೆಯಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಆಗಿ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿ ಮಾಡಿ ಅಷ್ಟರಮಟ್ಟಿಗೆ ಸಾಧುವಾಗಿಸುತ್ತದೆ. ಕಣ್ಣಿಗೆ ಕಾಣದ ಈ ಸಂಸಾರ ಕಲ್ಲಿನ ರಂಧ್ರಗಳಲ್ಲಿ ಹೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೆಂದೇ ಮನೆಯವರು ಮೀನಿಲ್ಲದ ತೊಟ್ಟಿಗೆ ಹನಿಹನಿಯಾಗಿ ಅಮೋನಿಯವನ್ನು ಉಣಿಸುತ್ತಿದ್ದರು. ಬ್ಲೀಚಿಂಗ್ ಪೌಡರು ಈ ಸಂಸಾರವನ್ನು ಒಂದೇ ಮಧ್ಯಾಹ್ನದಲ್ಲಿ ನಿರ್ವಂಶ ಮಾಡಿಬಿಡುತ್ತಿತ್ತು. ಮೂರು ವಾರ ಕಳೆದಮೇಲೆ ಕಂದು ಪಾಚಿಯೂ ಮತ್ತೆ ಬರುತ್ತಿತ್ತು.

ತಡೆದವರು ಹೊಳೆನರಸೀಪುರದಲ್ಲಿ ಹುಟ್ಟಿ ಬೆಳೆದ ಅಜ್ಜಿ. ಬಕೆಟ್ಟುಗಳನ್ನು ನೋಡಿ, “ಯಾಕೋ ಹಂಗೆ ಒದ್ದಾಡ್ತೀಯ? ಹೊಳೆ ಇಳಿದ ಮೇಲೆ ಸೋಪಾನದ ಕಲ್ಲಿಗೆಲ್ಲ ಇಂಥದೇ ಕಂದು ಲೋಳೆ ಹತ್ತೋದು. ಕಾಲಿಟ್ಟರೆ ಜಾರೋದು. ಅದನ್ನ ಯಾರೂ ತೊಳೀತಿರಲಿಲ್ಲ, ಹುಳ ಬಂದು ತಿಂದ್ಕೊಂಡು ಹೋಗ್ತಿತ್ತು. ನಿಮ್ಮ ಮಾವನ್ನ ಒಂದು ಮಾತು ಕೇಳು” ಎಂದರು. ಮಾವ ಎಂದರೆ ಅಜ್ಜಿಯ ತಮ್ಮ, ಚನ್ನರಾಯಪಟ್ಟಣದಲ್ಲಿರುವ ನಿವೃತ್ತ ವಿಜ್ಞಾನದ ಮೇಷ್ಟ್ರು. ಅವರ ಬಳಿ ಹಳೆಯ ಸೂಕ್ಷ್ಮದರ್ಶಕವೊಂದಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಅವರು ಶನಿವಾರದ ಬಸ್ಸಿನಲ್ಲಿ ಬಂದಿಳಿದರು.

ಮೇಷ್ಟ್ರು ಮೊದಲು ಮಾಡಿದ್ದು ಉಪದೇಶವಲ್ಲ, ಪರೀಕ್ಷೆ. ಕಂದು ಬಣ್ಣದ್ದೆಲ್ಲ ಒಂದೇ ಅಲ್ಲ. ಡೈನೊಫ್ಲ್ಯಾಜೆಲೇಟ್ ಎಂಬ ಇನ್ನೊಂದು ಜಾತಿಯೂ ಕಂದೇ. ಅದು ಸಿಂಬಳದ ಎಳೆಗಳಂತೆ ಜೋಲಾಡುತ್ತ, ಗಾಳಿಗುಳ್ಳೆಗಳನ್ನು ಹಿಡಿದುಕೊಂಡಿರುತ್ತದೆ. ಅದರಲ್ಲಿ ಕೆಲವಕ್ಕೆ ವಿಷವಿದ್ದು ತಿಂದ ಬಸವನಹುಳುಗಳೇ ಸಾಯುತ್ತವೆ. ಅದಾಗಿದ್ದರೆ ಕಥೆಯೇ ಬೇರೆ. ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಿದ ಮೇಷ್ಟ್ರು ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ, “ಪುಟ್ಟಿ, ಬಾ ಇಲ್ಲಿ” ಎಂದರು.

“ನಂಗೆ ಬೇಡ ತಾತ.”

“ನಿನ್ನ ಸಮುದ್ರ ಬಂದಿದೆ. ನೋಡೋದಾದ್ರೆ ನೋಡು.”

ಹುಡುಗಿ ಒಲ್ಲದ ಮನಸ್ಸಿನಿಂದ ಕಣ್ಣಿಟ್ಟಳು. ಕೆಳಗೆ ನೂರಾರು ದೋಣಿಗಳಿದ್ದವು. ಗಾಜಿನ ದೋಣಿಗಳು, ಒಂದೊಂದರ ಒಳಗೂ ಹೊಂಗಂದು ಬಣ್ಣದ ಸರಕು. ಹುಟ್ಟಿಲ್ಲ, ಹಾಯಿಲ್ಲ, ಆದರೂ ಒಂದು ನಿಧಾನವಾಗಿ ಜಾರಿಕೊಂಡು ಹೋಗಿ ಇನ್ನೊಂದಕ್ಕೆ ತಾಕಿ, ನಿಂತು, ಹಿಂದಕ್ಕೆ ಸರಿಯಿತು. “ತಾತ, ನಡೀತಾ ಇದೆ!” ಎಂದು ಅವಳು ಕೂಗಿದ್ದು ಅಡುಗೆಮನೆಗೂ ಕೇಳಿಸಿತು. ಹಾಸನಕ್ಕೆ ಬಂದಮೇಲೆ ಆ ಹುಡುಗಿ ದನಿಯೆತ್ತಿದ್ದು ಅದೇ ಮೊದಲು.

ಅವು ಡಯಾಟಮುಗಳು. ಒಂದೇ ಕೋಶದ ಜೀವಿ. ಮೈಮೇಲೆ ಸಿಲಿಕದ, ಎಂದರೆ ಗಾಜಿನ ಜಾತಿಗೇ ಸೇರಿದ, ಎರಡು ಚಿಪ್ಪು. ಒಂದು ಡಬ್ಬಿ, ಇನ್ನೊಂದು ಮುಚ್ಚಳ. ಜಗತ್ತಿನಲ್ಲಿ ದ್ಯುತಿಸಂಶ್ಲೇಷಣೆಯಿಂದ ಹುಟ್ಟುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಇವುಗಳ ದುಡಿಮೆಯೆಂದು ವಿಜ್ಞಾನಿಗಳ ಅಂದಾಜು. ಸತ್ತ ಡಯಾಟಮುಗಳ ಚಿಪ್ಪು ಕೂಡಿಬಿದ್ದ ಮಣ್ಣಿನಲ್ಲಿ ಆಲ್‌ಫ್ರೆಡ್ ನೊಬೆಲ್ ಸಿಡಿಮದ್ದಿನ ಎಣ್ಣೆಯನ್ನು ಹೀರಿಸಿ 1867ರಲ್ಲಿ ಡೈನಮೈಟಿಗೆ ಹಕ್ಕು ಪಡೆದ. ಕನ್ನಡನಾಡಿಗೂ ಇವು ಅಪರಿಚಿತವಲ್ಲ: ಎಚ್. ಪಿ. ಗಾಂಧಿಯೆಂಬ ವಿದ್ವಾಂಸರು ಧಾರವಾಡದ ನೀರುಗಳಲ್ಲಿಯೂ ಜೋಗದ ಜಲಪಾತದಲ್ಲಿಯೂ ಇವನ್ನು ಹುಡುಕಿ, ಹೆಸರಿಸಿ, ಚಿತ್ರ ಬರೆದು ಪ್ರಕಟಿಸಿದ್ದಾರೆ. ಹೊಳೆನರಸೀಪುರದ ಸೋಪಾನದ ಮೇಲೆ ಅಜ್ಜಿ ಕಂಡ ಕಂದು ಲೋಳೆ ಇದೇ ಬಳಗದ್ದು. ಅಲ್ಲಿಯವು ಸಿಹಿನೀರಿನ ದಾಯಾದಿಗಳು, ಅಷ್ಟೇ ವ್ಯತ್ಯಾಸ.

ಇವಕ್ಕೆ ಚಿಪ್ಪು ಕಟ್ಟಲು ನೀರಿನಲ್ಲಿ ಕರಗಿದ ಸಿಲಿಕ ಬೇಕು. ಕಡಲಿನ ಮೇಲುನೀರಿನಲ್ಲಿ ಅದು ಬಹಳ ಸ್ವಲ್ಪ, ಏಕೆಂದರೆ ಡಯಾಟಮುಗಳೇ ಅದನ್ನು ತಿಂದು ಮುಗಿಸಿರುತ್ತವೆ. ಹಾಸನದ ತೊಟ್ಟಿಗೆ ಬಂದದ್ದು ಎಲ್ಲಿಂದ? ಮೇಷ್ಟ್ರು ಮೂಲೆಯಲ್ಲಿದ್ದ ಕ್ಯಾನುಗಳ ಕಡೆಗೆ ಬೆರಳು ತೋರಿಸಿದರು. ಬೀದಿಯ ಕೊನೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿಗೆ ಐದು ರೂಪಾಯಿ ಕೊಟ್ಟು ತಂದ ನೀರು ಅದು. ಕುಡಿಯುವುದಕ್ಕೆ ಉತ್ತಮವಾದದ್ದೇ. ಆದರೆ ಈ ಸೀಮೆಯ ನೆಲ ಕಗ್ಗಲ್ಲು. ಕೊಳವೆಬಾವಿಯ ನೀರು ಆ ಬಂಡೆಯ ಸಂದಿನಲ್ಲಿ ಎಷ್ಟೋ ಕಾಲ ನಿಂತು ಸಿಲಿಕವನ್ನು ಕರಗಿಸಿಕೊಂಡೇ ಮೇಲಕ್ಕೆ ಬರುತ್ತದೆ. ಶೋಧಿಸುವ ಪೊರೆ ಅದರಲ್ಲಿ ಬಹುಪಾಲನ್ನು ತಡೆದರೂ ಎಲ್ಲವನ್ನೂ ತಡೆಯುವುದಿಲ್ಲ. ಪೊರೆಯ ಮುಂದೆ ರೆಸಿನ್ ತುಂಬಿದ ಇನ್ನೊಂದು ಕೊಳವೆ ಬೇಕು. ಅದರಲ್ಲಿಯೂ ಒಂದು ಮೋಸವಿದೆ: ರೆಸಿನ್ ದಣಿಯತೊಡಗಿದಾಗ ಮೊದಲು ನುಸುಳಿಕೊಳ್ಳುವುದೇ ಸಿಲಿಕ. ಅದಕ್ಕೆ ವಿದ್ಯುದಂಶ ಅತ್ಯಲ್ಪವಾದ್ದರಿಂದ ನೀರಿನ ಲವಣವನ್ನು ಅಳೆಯುವ ಮೀಟರು ಸೊನ್ನೆಯನ್ನೇ ತೋರಿಸುತ್ತ ಸುಮ್ಮನಿರುತ್ತದೆ. ಮೀಟರನ್ನು ನಂಬದೆ, ಎಷ್ಟು ಲೀಟರು ಹಾಯಿಸಿದ್ದಾಯಿತೆಂದು ಬರೆದಿಟ್ಟು ಮುಂಚೆಯೇ ರೆಸಿನ್ ಬದಲಿಸುವವನೇ ಜಾಣ.

“ಹಾಗಾದರೆ ಒಳ್ಳೆಯ ನೀರು ಹಾಕಿದ್ದರೆ ಬರುತ್ತಿರಲಿಲ್ಲವೇ ಮಾವ?” ಎಂದು ತಂದೆ ಕೇಳಿದರು.

“ಬರೋದು. ಮರಳಲ್ಲೂ ಕಲ್ಲಲ್ಲೂ ಇರೋದು ಸಾಕು ಅದಕ್ಕೆ. ಇಷ್ಟು ಕೊಬ್ಬುತ್ತಿರಲಿಲ್ಲ, ಅಷ್ಟೇ. ಹೊಸ ತೊಟ್ಟಿ ಅಂದ್ರೆ ಕಾಲಿ ನಿವೇಶನ ಇದ್ದ ಹಾಗೆ ಕಣಪ್ಪ, ಮೊದಲು ಪಾರ್ಥೇನಿಯಮ್ಮೇ ಬರೋದು. ಒಳಗಿರೋ ಸಿಲಿಕ ತೀರಲಿ, ತಾನಾಗಿ ಹೋಗುತ್ತೆ. ಪೌಡರ್ ಗಿವ್ಡರ್ ಮಾತೆತ್ತಬೇಡ.”

ಬಕೆಟ್ಟುಗಳು ಬಚ್ಚಲಿಗೆ ಹಿಂದಿರುಗಿದವು. ಇನ್ನುಳಿದ ಚಿಕಿತ್ಸೆಯೆಲ್ಲ ಸಣ್ಣಪುಟ್ಟದ್ದು. ದೀಪವನ್ನು ಹತ್ತು ಗಂಟೆಗೆ ಬದಲಾಗಿ ಆರೇ ಗಂಟೆ ಉರಿಸುವುದು. ವಾರಕ್ಕೊಮ್ಮೆ 20 ಲೀಟರು ನೀರನ್ನು ಬದಲಿಸುವುದು, ಬದಲಿಸುವಾಗ ಸಣ್ಣ ಕೊಳವೆಯಿಂದ ಮರಳಿನ ಮೇಲಿನ ಕಂದು ಪದರವನ್ನೂ ಸೇರಿಸಿ ಹೀರಿಬಿಡುವುದು. ಶೋಧಕದ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ಎಂದೂ ತೊಳೆಯಬಾರದು, ಅದರಲ್ಲಿನ ಕ್ಲೋರಿನ್ನಿಗೆ ಬ್ಯಾಕ್ಟೀರಿಯಗಳು ಬಲಿಯಾಗುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ನೀರು ಆರಿ ಕಡಮೆಯಾದಷ್ಟಕ್ಕೆ ಬರಿಯ ಶುದ್ಧನೀರನ್ನು ಸುರಿಯಬೇಕು, ಉಪ್ಪುನೀರನ್ನಲ್ಲ, ಉಪ್ಪು ಹಾರಿಹೋಗಿರುವುದಿಲ್ಲವಷ್ಟೆ. ಈ ಕೊನೆಯದನ್ನು ಅಜ್ಜಿ, ಹುಳಿ ಕುದಿದು ಗಟ್ಟಿಯಾದರೆ ಮತ್ತೆ ಉಪ್ಪು ಹಾಕುತ್ತಾರೆಯೇ ಎಂದು ಕೇಳಿ ಎಲ್ಲರಿಗಿಂತ ಮುಂಚೆ ಅರ್ಥಮಾಡಿಕೊಂಡರು.

ಆದರೂ ಪಾಚಿ ಮೇಷ್ಟ್ರ ಮಾತಿಗೆ ಮರುದಿನವೇ ಮಣಿಯಲಿಲ್ಲ. ನಾಲ್ಕನೆಯ ವಾರ ಇನ್ನೂ ಹೆಚ್ಚಿತು. ತಂದೆ ಎರಡು ಬಾರಿ ಬಚ್ಚಲಿನ ಕಡೆ ನೋಡಿದರು. ಆಗ ಅವರನ್ನು ಹಿಡಿದು ನಿಲ್ಲಿಸಿದವಳು ಮಗಳು. ಸೂಕ್ಷ್ಮದರ್ಶಕ ಹಾಸನದಲ್ಲೇ ಉಳಿದಿತ್ತು. ದಿನವೂ ಒಂದು ಹನಿ ತೆಗೆದು, ಕಂಡ ದೋಣಿಗಳ ಆಕಾರವನ್ನು ಹಳೆಯ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದಳು. ಶಾಲೆಯ ಒಬ್ಬ ಹುಡುಗಿ ನೋಡಲು ಬಂದಳು, ಆಮೇಲೆ ಮೂವರು ಬಂದರು. ಒಬ್ಬಳು ತಮ್ಮೂರಿನ ಕೆರೆಯ ನೀರನ್ನು ಶೀಸೆಯಲ್ಲಿ ತಂದಳು.

ಐದನೆಯ ವಾರದ ಕೊನೆಗೆ ನೈಟ್ರೈಟ್ ಸೊನ್ನೆಗೆ ಇಳಿಯಿತು. ಆರು ಬಸವನಹುಳುಗಳು ಬಂದವು. ಅವನ್ನು ಒಂದು ಗಂಟೆಯ ಕಾಲ ಹನಿಹನಿಯಾಗಿ ತೊಟ್ಟಿಯ ನೀರಿಗೆ ಒಗ್ಗಿಸಿ ಬಿಟ್ಟರು. ಬೆಳಗಾಗುವುದರೊಳಗೆ ಕಂದು ಗಾಜಿನ ಮೇಲೆ ಹಾವು ಹರಿದ ಹಾಗೆ ನಿರ್ಮಲವಾದ ದಾರಿಗಳು. ಏಳನೆಯ ವಾರ ಮರಳು ಬೆಳ್ಳಗಾಯಿತು. ಕಲ್ಲಿನ ಮೇಲೆ ಅಲ್ಲಲ್ಲಿ ತೆಳುವಾದ ಹಸುರು ಮೂಡಿತು. ಕೋಡಂಗಿ ಮೀನುಗಳು ಬೆಂಗಳೂರಿನಿಂದ ಬಂದದ್ದು ಆ ಮೇಲೆ. ಅಜ್ಜಿ ಅವಕ್ಕೆ ಪುರಿ ಹಾಕಲು ಹೋಗಿ ಮೊಮ್ಮಗಳಿಂದ ಬೈಸಿಕೊಂಡರು.

ಈಗ ಮುಂದಿನ ಗಾಜನ್ನು ತಂದೆ ದಿನವೂ ಒರೆಸುತ್ತಾರೆ. ಹಿಂದಿನ ಗಾಜನ್ನು ಯಾರೂ ಮುಟ್ಟಕೂಡದೆಂದು ಹುಡುಗಿಯ ಕಟ್ಟಪ್ಪಣೆಯಾಗಿದೆ. ಹುಳುಗಳ ಊಟ ಅಲ್ಲಿದೆ, ಅವಳ ಹನಿಯೂ ಅಲ್ಲಿಂದಲೇ ಬರಬೇಕು.