ಅದರ ತಾಯೀನ್ನ ನೋಡೀರೇನು?

ಕಚೇರಿಯಲ್ಲಿ ನನಗೆ ಹೆಸರು ಬಂದಿರುವುದೇ ಎಕ್ಸೆಲ್ ಶೀಟ್‌ಗಳಿಂದ. ಪ್ರಾಜೆಕ್ಟ್ ಎಷ್ಟೇ ದೊಡ್ಡದಿರಲಿ, ಯಾವ ವಾರ ಎಷ್ಟು ಖರ್ಚು, ಎಲ್ಲಿ ಅಪಾಯ ಎಂದು ಸಾಲು ಸಾಲಾಗಿ ಬರೆದಿಡುತ್ತೇನೆ. ಹೀಗಾಗಿ 2023ರ ಬೇಸಿಗೆಯಲ್ಲಿ ಮಗಳು ನಾಯಿಮರಿ ಬೇಕೆಂದು ಹಟ ಹಿಡಿದಾಗಲೂ ನಾನು ಮೊದಲು ಮಾಡಿದ ಕೆಲಸ ಹೊಸ ಶೀಟ್ ತೆರೆದದ್ದು.

ಹಟಕ್ಕೆ ಕಾರಣವಿತ್ತು. ಅಂಬರನಾಥದಿಂದ ಬೆಳಿಗ್ಗೆ ಲೋಕಲ್ ಹತ್ತಿ ಠಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು ಐರೋಲಿ ಮುಟ್ಟುವವನು ನಾನು. ಮರಳಿ ಮನೆ ಸೇರುವಾಗ ರಾತ್ರಿ ಒಂಬತ್ತು. ಹೆಂಡತಿಯ ಬ್ಯಾಂಕು ಕಲ್ಯಾಣದಲ್ಲಿ. ಬೆಳಗಿನ ಶಾಲೆ ಮುಗಿಸಿ ಒಂದೂವರೆಗೆ ಬರುವ ಮಗಳು ತಾನೇ ಬೀಗ ತೆಗೆದು, ತಾನೇ ಅನ್ನ ಬಿಸಿ ಮಾಡಿಕೊಂಡು, ಅಮ್ಮ ಬರುವ ಆರೂವರೆಯವರೆಗೆ ಒಬ್ಬಳೇ ಇರುತ್ತಾಳೆ. ಕೆಳಗಿನ ಮಹಡಿಯ ಗೆಳತಿ ಆ ವರ್ಷ ಪುಣೆಗೆ ಹೋಗಿಬಿಟ್ಟಿದ್ದಳು. "ಪಪ್ಪಾ, ಮನೆಗೆ ಬಂದ್ರೆ ಯಾರಾದ್ರೂ ಇರಬೇಕು" ಅಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ದುಡ್ಡಿತ್ತು.

ಫ್ಲಾಟ್ ಚಿಕ್ಕದು, ನಾಯಿಯೂ ಚಿಕ್ಕದಿರಲಿ ಎಂದು ಹುಡುಕಿದೆವು. ಪಗ್, ಶಿಟ್ಸು, ಚಿವಾವಾ ನೋಡಿದ ಮೇಲೆ ಮಗಳ ಕಣ್ಣು ನಿಂತದ್ದು 'ಟೀಕಪ್ ಪೊಮೆರೇನಿಯನ್' ಮೇಲೆ. ಚಹಾದ ಕಪ್ಪಿನಲ್ಲಿ ಕೂತ ಬಿಳಿ ಹತ್ತಿಯುಂಡೆಯಂಥ ಮರಿಯ ಫೋಟೋ. ಮಾರುವವನು ಫೋನಿನಲ್ಲಿ ಹೇಳಿದ: "ಸರ್, ರೇರ್ ಬ್ರೀಡ್. ಇಂಪೋರ್ಟೆಡ್ ಲೈನ್. ಪೂರ್ತಿ ಬೆಳೆದರೂ ಒಂದೂವರೆ ಕಿಲೋ. ಬಿಲ್ ಬೇಕಂದ್ರೆ 60,000, ಬೇಡ ಅಂದ್ರೆ 55,000."

ನಾನು ಬೇಡ ಅಂದೆ. ಐದು ಸಾವಿರ ಉಳಿಸಿದೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ ಕೂಡ. ಕಚೇರಿಯಲ್ಲಿ ಹೊಸ ವೆಂಡರ್ ಒಬ್ಬನನ್ನು ಸೇರಿಸಿಕೊಳ್ಳಬೇಕಾದರೆ ಹತ್ತು ಕಾಗದ ಕೇಳುವವನು, ನವಿ ಮುಂಬಯಿಯ ಒಂದು ಸ್ಟೇಷನ್ನಿನ ಹೊರಗೆ, ಆಟೋ ಸ್ಟ್ಯಾಂಡಿನ ಪಕ್ಕ, ಹಣ್ಣಿನ ಬುಟ್ಟಿಯಲ್ಲಿ ಟವೆಲ್ ಸುತ್ತಿದ್ದ ಒಂದು ಜೀವವನ್ನು ನಗದು ಎಣಿಸಿ ಕೊಟ್ಟು ತಂದೆ. ಎರಡು ತಿಂಗಳ ಮರಿ ಎಂದ, ನಂಬಿದೆ. ಮಗಳು 'ಸಾಸಿವೆ' ಎಂದು ಹೆಸರಿಟ್ಟಳು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮೂರು ಮುಧೋಳ ತಾಲ್ಲೂಕು, ಘಟಪ್ರಭೆಯ ದಂಡೆ. ಅವ್ವ ಮೊದಲು ಕೇಳಿದ್ದು, "ಎಷ್ಟ ಕೊಟ್ಟಿಪಾ?" ಐದು ಸಾವಿರ ಅಂದೆ. "ಯಪ್ಪಾ, ನಾಯಿಗೆ ಐದ ಸಾವಿರಾ!" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು:

"ಅಲ್ಲೋ ತಮ್ಮಾ, ಮರಿ ತರೂಕಿಂತ ಮೊದಲ ಅದರ ತಾಯೀನ್ನ ನೋಡೀರೇನು?"

ಮುಧೋಳದ ಬೇಟೆನಾಯಿ ಇಂದು ಹೆಸರಾಂತದ್ದು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಅದಕ್ಕೆಂದೇ ಕೇಂದ್ರ ನಡೆಸುತ್ತಾರೆ. ಸೇನೆಯವರೂ ಮರಿ ಒಯ್ದು ಪಳಗಿಸಿದ್ದಾರೆ. ಆದರೆ ನನ್ನ ಬಾಲ್ಯದಲ್ಲಿ ಅದು ಹೊಲ ಕಾಯುವ ನಾಯಿ, ಅಷ್ಟೆ. ಅಪ್ಪ ಮರಿ ತರಲು ಹೋದಾಗ ನಾನೂ ಹೋಗಿದ್ದೆ. ಮರಿಗಳ ಕಡೆ ಅಪ್ಪ ಕಣ್ಣೆತ್ತಿಯೂ ನೋಡಲಿಲ್ಲ. ಬೇವಿನ ಗಿಡದ ಕೆಳಗೆ ಮಲಗಿದ್ದ ತಾಯಿನಾಯಿಯ ಎದುರು ಕುಕ್ಕರಗಾಲಲ್ಲಿ ಕೂತು, ಅದು ಎದ್ದು ಬಂದು ಮೂಸುವವರೆಗೆ ಕಾದ. ಪಕ್ಕೆಲುಬು ನೋಡಿದ, ಮೊಲೆ ನೋಡಿದ, ಎಷ್ಟನೇ ಸೂಲು ಎಂದು ಕೇಳಿದ. ಆ ಮನೆಯವರಿಗೆ ಎರಡು ಸೇರು ಜೋಳ ಕೊಟ್ಟು, ಮರಿಯನ್ನು ಅವತ್ತು ತರದೆ, ಹಾಲು ಬಿಟ್ಟ ಮೇಲೆ ಮತ್ತೆ ಹೋಗಿ ತಂದ. ಎರಡನೇ ಸಲ ಹೋಗುವುದು ನನಗೆ ಬೇಸರದ ಕೆಲಸವಾಗಿತ್ತು.

ನೋಡಿಲ್ಲವ್ವಾ ಎಂದೆ. ಅವ್ವ ಮಾತು ಬೇರೆ ಕಡೆ ತಿರುಗಿಸಿದಳು.

ಆರನೆಯ ದಿನ ಸಂಜೆ ಸಾಸಿವೆ ನಡೆಯುತ್ತ ನಡೆಯುತ್ತ ಪಕ್ಕಕ್ಕೆ ವಾಲಿತು. ಕಾಲು ಸೆಟೆದುಕೊಂಡವು. ಮಗಳು ನನಗೆ ಫೋನ್ ಮಾಡಿದಾಗ ನಾನು ಠಾಣೆಯ ಪ್ಲಾಟ್‌ಫಾರ್ಮಿನಲ್ಲಿದ್ದೆ. ಮಳೆಗೆ ಗಾಡಿಗಳೆಲ್ಲ ತಡ. ಎದುರು ಮನೆಯ ಕಾಕು ಓಡಿಬಂದು, ವೈದ್ಯೆ ಫೋನಿನಲ್ಲಿ ಹೇಳಿದಂತೆ ಗ್ಲೂಕೋಸ್ ನೀರನ್ನು ಬೆರಳಲ್ಲಿ ಅದ್ದಿ ಮರಿಯ ಒಸಡಿಗೆ ತಿಕ್ಕಿದರು. ಅಷ್ಟು ಸಣ್ಣ ಮೈಯಲ್ಲಿ ಸಕ್ಕರೆಯ ದಾಸ್ತಾನು ಇರುವುದೇ ಇಲ್ಲ. ಒಂದು ಹೊತ್ತಿನ ಊಟ ತಪ್ಪಿದರೂ, ಚಳಿಯಾದರೂ ರಕ್ತದ ಸಕ್ಕರೆ ಕುಸಿದು ಮರಿ ಸಾಯಬಹುದು. ಇದನ್ನು ನಾನು ತಿಳಿದದ್ದು ಆ ರಾತ್ರಿ ಹನ್ನೊಂದಕ್ಕೆ, ಅದರ ಕೈಗೆ ಡ್ರಿಪ್ ಹಾಕಿದ ಮೇಲೆ.

ವೈದ್ಯೆ ಮರಿಯ ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿದರು. "ಹಿಂದಿನ ಹಾಲುಹಲ್ಲು ಇನ್ನೂ ಪೂರ್ತಿ ಬಂದಿಲ್ಲ. ಇದಕ್ಕೆ ಈಗ ಆರು ವಾರವಿದ್ದರೆ ಹೆಚ್ಚು. ತಂದಾಗ ಐದು ಇದ್ದೀತು. ಯಾಕೆ ಇಷ್ಟು ಬೇಗ ತಾಯಿಯಿಂದ ಬಿಡಿಸಿದಿರಿ?" ಎಂದು ಮರಾಠಿಯಲ್ಲಿ ಕೇಳಿದರು. ಬಿಡಿಸಿದ್ದು ನಾನಲ್ಲ ಎನ್ನಲು ಹೋದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಸುಮ್ಮನಾದೆ.

ಮುಂದಿನ ಮೂರು ದಿನ ಮರಿ ಅಲ್ಲೇ ಇತ್ತು. ನಾನು ಅಲ್ಲಿ ಕೂತು, ತರುವ ಮೊದಲೇ ಓದಬೇಕಿದ್ದನ್ನು ಓದಿದೆ. ಟೀಕಪ್ ಎನ್ನುವ ತಳಿಯೇ ಇಲ್ಲ. ಯಾವ ಕೆನೆಲ್ ಕ್ಲಬ್ಬೂ ಅದನ್ನು ಒಪ್ಪಿಲ್ಲ, ಅದು ಮಾರುವವರು ಇಟ್ಟ ಹೆಸರು. ಪೊಮೆರೇನಿಯನ್ ಮೂಲತಃ ಬಾಲ್ಟಿಕ್ ತೀರದ ದೊಡ್ಡ ನಾಯಿಗಳ ಸಂತತಿ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಿಂದ ಸಣ್ಣದೊಂದನ್ನು ತಂದ ಮೇಲೆ ಚಿಕ್ಕದೇ ಚೆಂದ ಎನ್ನುವ ಗೀಳು ಹತ್ತಿತು. ಇನ್ನೂ ಸಣ್ಣದು ಬೇಕೆಂದರೆ ಪ್ರತಿ ಸೂಲಿನ ಅತಿ ಪೀಚು ಮರಿಗಳನ್ನೇ ಆರಿಸಿ ಕೂಡಿಸಬೇಕು. ಅಂಥವಕ್ಕೆ ನೆತ್ತಿ ಕೂಡಿರುವುದಿಲ್ಲ, ಮಂಡಿಚಿಪ್ಪು ಜಾರುತ್ತದೆ, ಶ್ವಾಸನಾಳ ಕುಸಿಯುತ್ತದೆ. ಇದಕ್ಕಿಂತ ಸುಲಭದ ದಾರಿಯೂ ಉಂಟು: ಸಾಧಾರಣ ಮರಿಯನ್ನೇ ಮೂರು ವಾರ ಮೊದಲು ತಾಯಿಯಿಂದ ಕಿತ್ತು, ವಯಸ್ಸು ಹೆಚ್ಚು ಹೇಳಿ ಮಾರುವುದು.

ಕಾನೂನೂ ಇದೆ. ನಾಯಿ ಸಾಕಿ ಮಾರುವವರಿಗಾಗಿ 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿಗೆ 18 ತಿಂಗಳಾಗುವ ಮೊದಲು ಗರ್ಭ ಕಟ್ಟಿಸಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಕೂಡದು. ವ್ಯಾಪಾರದ ಸಲುವಾಗಿ ವಿದೇಶಿ ನಾಯಿ ತರಿಸುವುದಕ್ಕೂ 2016ರಲ್ಲೇ ನಿರ್ಬಂಧ ಬಂದಿದೆ. 'ಇಂಪೋರ್ಟೆಡ್ ಲೈನ್' ಎಂಬ ಮಾತು ಕೇಳಿದ ಕೂಡಲೇ ನಾನು ಕಾಗದ ಕೇಳಬೇಕಿತ್ತು. ಆದರೆ ಕಾಗದವೇ ಬೇಡ ಎಂದು ಐದು ಸಾವಿರ ಉಳಿಸಿದವನು ನಾನು.

ಮಾರಿದವನಿಗೆ ಫೋನ್ ಮಾಡಿದೆ. ದುಡ್ಡು ವಾಪಸು ಕೇಳಲು ಅಲ್ಲ. ತಾಯಿ ಎಲ್ಲಿದೆ, ಒಮ್ಮೆ ನೋಡಬಹುದೇ ಎಂದೆ. "ಗಾಂವ್ ಮೇ ಹೈ ಸರ್" ಎಂದ. ಯಾವ ಊರು ಎಂದೆ. ಕಟ್ ಮಾಡಿದ. ಮರುದಿನದಿಂದ ಆ ನಂಬರು ಹತ್ತಲಿಲ್ಲ. ದೂರು ಬರೆಯಲು ಕೂತಾಗ ತಿಳಿಯಿತು, ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಅಂಗಡಿಯ ಹೆಸರಿಲ್ಲ, ವಿಳಾಸವಿಲ್ಲ, ರಸೀದಿಯಿಲ್ಲ. ಕೊಟ್ಟದ್ದು ನಗದು. ಆದರೂ ಇದ್ದಷ್ಟನ್ನು, ಸತ್ತ ನಂಬರನ್ನೂ ಸೇರಿಸಿ, ಬರೆದು ಕಳಿಸಿದೆ. ಉತ್ತರ ಬರಲಿಲ್ಲ.

ಸಾಸಿವೆ ಬದುಕಿತು. ಬದುಕಿದ್ದಷ್ಟೇ ಅಲ್ಲ, ಬೆಳೆಯಿತು. ಒಂದೂವರೆ ಕಿಲೋ ದಾಟಿದಾಗ ನಕ್ಕೆವು, ನಾಲ್ಕು ದಾಟಿದಾಗ ಅರ್ಥವಾಯಿತು. ಈಗ ಆರು ಕಿಲೋ ಇದೆ. ವೈದ್ಯೆ ಹೇಳುವಂತೆ ಇದು ಇಂಡಿಯನ್ ಸ್ಪಿಟ್ಜ್. 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿಯ ಜಾತಿ. 90ರ ದಶಕದಲ್ಲಿ ಬಾಗಲಕೋಟೆಯ ಡಾಕ್ಟರು, ಎಂಜಿನಿಯರುಗಳ ಅಂಗಳದಲ್ಲೆಲ್ಲ ಇದ್ದ, ನಾವು ಪಾಮೇರಿಯನ್ ಎನ್ನುತ್ತಿದ್ದ ಅದೇ ಬಿಳಿ ನಾಯಿ. ಅಪರೂಪವೂ ಅಲ್ಲ, ಮಿನಿಯೇಚರೂ ಅಲ್ಲ. ನಾನು 55,000 ಕೊಟ್ಟದ್ದು ಅದರ ಮೂರು ವಾರದ ಹಾಲನ್ನು ಕಸಿದದ್ದಕ್ಕೆ.

ಮಗಳಿಗೆ ಇದರಿಂದ ಎಳ್ಳಷ್ಟೂ ಬೇಸರವಿಲ್ಲ. ಒಂದೂವರೆಗೆ ಬೀಗ ತಿರುಗಿದ ಸದ್ದಿಗೆ ಬಾಗಿಲ ಹಿಂದೆ ಬೊಗಳಲು ಒಬ್ಬರಿದ್ದಾರೆ. ಹಾಗೆ ನೋಡಿದರೆ ಇಂಥ ನಾಯಿ ನಮ್ಮ ಸ್ಟೇಷನ್ ರಸ್ತೆಯಲ್ಲೇ, ಯಾವುದೋ ಚಹಾದಂಗಡಿಯ ಬೆಂಚಿನ ಕೆಳಗೆ, ತಾಯಿಯ ಸಮೇತ ಬಿಟ್ಟಿ ಸಿಗುತ್ತಿತ್ತು. ಅದು ಆಗ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲ ವರ್ಷದ ಲೆಕ್ಕ ಹೀಗಿದೆ: ಮರಿ 55,000, ಹಾಸಿಗೆ, ಬಟ್ಟಲು, ಬೆಲ್ಟು 4,800, ಆಸ್ಪತ್ರೆ ಮತ್ತು ಔಷಧ 21,300, ಲಸಿಕೆ 6,400, ಊಟ 18,000. ಒಟ್ಟು 1,05,500. ಶೀಟಿನ ಮೊದಲ ಸಾಲಿನಲ್ಲಿ ಆಮೇಲೆ 'ತಾಯಿ' ಎಂದು ಸೇರಿಸಿದ್ದೇನೆ. ಅದರ ಮುಂದೆ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ. ಟೀಮಿನ ಹುಡುಗನೊಬ್ಬ ಮೊನ್ನೆ, "ಸರ್, ಟೀಕಪ್ ಪಾಮ್‌ಗೆ ಎಷ್ಟು ಬೀಳ್ತದೆ?" ಎಂದು ಕೇಳಿದ. ದರ ಹೇಳಲಿಲ್ಲ. ತಾಯಿಯನ್ನು ತೋರಿಸಿ ಎನ್ನು, ತೋರಿಸಿದರೆ ಮುಂದಿನ ಮಾತು ಎಂದೆ. ಅವನು ಇನ್ನೂ ಹುಡುಕುತ್ತಿದ್ದಾನೆ.

ದೀಪಾವಳಿಗೆ ಅವ್ವ ಬಂದಿದ್ದಳು. ನಿಜವಾದ ರೇಟನ್ನು ಮೊಮ್ಮಗಳು ಬಾಯಿಬಿಟ್ಟಳು. ಅವ್ವ ನನ್ನನ್ನು ಬೈಯಲಿಲ್ಲ. ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ, ಸಾಸಿವೆ ತಿನ್ನುವುದನ್ನು ನೋಡುತ್ತ ಬೆನ್ನು ಸವರಿದಳು. "ಚಲೋ ಬೆಳದೈತಿ" ಅಂದಳು. ಆಮೇಲೆ ಬಟ್ಟಲು ತೊಳೆಯಲು ಏಳುತ್ತ, ಯಾರನ್ನೂ ಉದ್ದೇಶಿಸದೆ ಅಂದಳು:

"ಇದರ ತಾಯಿ ಈಗ ಎಷ್ಟನೇ ಸೂಲಿಗೆ ಬಂದೈತೋ ಏನೋ."