ಹೊಸ ವಾದ್ಯವೊಂದರ ಮೊದಲ ಪರಿಚಯ

ಹಳೆಯ ವಿದ್ಯಾರ್ಥಿನಿಯರು ಈ ಸ್ಮರಣ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡತಕ್ಕದ್ದೆಂದು ಅಪ್ಪಣೆಯಾಗಿರುವುದರಿಂದ, ಮೈಲೂರಿನ ನಮ್ಮ ಮನೆಗೆ ಇತ್ತೀಚೆಗೆ ಬಂದಿರುವ ಒಂದು ವಾದ್ಯದ ವಿಷಯವಾಗಿ ನಾಲ್ಕು ಮಾತು ಬರೆಯಲು ಉದ್ದೇಶಿಸಿದ್ದೇನೆ. ಸಂಗೀತದ ಕೊಠಡಿಯಲ್ಲಿ ಹಾರ್ಮೋನಿಯಮ್ಮಿನ ಸುತ್ತಲೂ ನಿಂತು ಹಾಡಿದ ಸಹೋದರಿಯರಿಗೂ, ಇಂಥದೊಂದನ್ನು ಕೊಡಿಸಬೇಕೆಂದು ಹಟ ಹಿಡಿದಿರುವ ಮಕ್ಕಳ ತಾಯಿತಂದೆಗಳಿಗೂ ಇದರಿಂದ ಕೊಂಚ ಉಪಯೋಗವಾದೀತೆಂದು ನಂಬಿದ್ದೇನೆ.

ವಾದ್ಯದ ಹೆಸರು ಕೊರ್ಗ್ ಮಿನಿಲಾಗ್ ಎಕ್ಸ್‌ಡಿ. ಜಪಾನಿನ ಕಂಪನಿಯೊಂದು ಇದನ್ನು 2019ರಲ್ಲಿ ಹೊರತಂದಿತು. ಲೋಕಕ್ಕೆ ಇದು ಹಳೆಯದಾದರೂ ನಮ್ಮ ಮನೆಗೆ ಹೊಸದೇ ಸರಿ. ನನ್ನ ಮಗಳು ನೆರೆಹೊರೆಯ ಮಕ್ಕಳಿಗೆ ಎರಡು ವರುಷ ಗಣಿತಪಾಠ ಹೇಳಿ ಕೂಡಿಸಿದ ಹಣದಿಂದ ಇದನ್ನು ಕೊಂಡಳು. ತೂಕ ಮೂರು ಕಿಲೋ ಕೂಡ ಇಲ್ಲ. 37 ಪಟ್ಟಿಗಳುಂಟು. ಅವು ಹಾರ್ಮೋನಿಯಮ್ಮಿನವುಗಳಿಗಿಂತ ಕಿರಿದಾದುದರಿಂದ ಹುಡುಗಿಯರ ಬೆರಳಿಗೆ ಒಪ್ಪುವುವು, ಗಂಟು ಕಟ್ಟಿದ ನನ್ನ ಬೆರಳಿಗಲ್ಲ. ಪಟ್ಟಿಗಳ ಮೇಲ್ಗಡೆ ಬಿತ್ತಿದ ಹೊಲದಂತೆ ತಿರುಗುಗುಂಡಿಗಳ ಸಾಲು. ಮೊದಲ ದಿನ ಮಗಳು ಅದಕ್ಕೆ ವಿದ್ಯುತ್ತನ್ನು ಕೊಟ್ಟು ಪಟ್ಟಿಯನ್ನೊತ್ತಿದಾಗ ಸದ್ದೇ ಹೊರಡಲಿಲ್ಲ. ಅದರೊಳಗೆ ಸ್ಪೀಕರು ಇರುವುದಿಲ್ಲವಷ್ಟೆ, ಬೇರೊಂದನ್ನು ಜೋಡಿಸಬೇಕು. ನಮ್ಮ ಮನೆಯವರು ಪತ್ರಿಕೆಯಿಂದ ತಲೆಯೆತ್ತಿ, "ಇಷ್ಟು ಹಣ ಸುರಿದು ಮೂಗಿಯೊಬ್ಬಳನ್ನು ತಂದಂತಾಯಿತು" ಎಂದರು.

ಈ ಬಗೆಯ ವಾದ್ಯಕ್ಕೆ ಹೈಬ್ರಿಡ್ ಸಿಂಥಸೈಸರ್ ಎಂದು ಹೆಸರು. ಹೈಬ್ರಿಡ್ ಎಂಬ ಮಾತು ಬೀದರ ಸೀಮೆಯವರಿಗೆ ಹೊಸದಲ್ಲ. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಜೋಳದ ತಳಿ ಬಂದಂದಿನಿಂದ ನಮ್ಮ ಹಳ್ಳಿಗಳಲ್ಲಿ ಅದು ಬಳಕೆಯ ಮಾತು. "ಹೈಬ್ರೀಡ್ ಜೋಳ ರಾಶಿಗೆ ಚಂದ, ರೊಟ್ಟಿಗಲ್ಲ" ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದನ್ನು ಬಲ್ಲವಳಾದ ನಾನು, ಇದೂ ಅಂಥದೇ ಇರಬಹುದೇ ಎಂದು ಅನುಮಾನಿಸುತ್ತಲೇ ಅದರ ಮುಂದೆ ಕುಳಿತೆನು.

ಅದರ ಒಳಗುಟ್ಟನ್ನು ಮಗಳು ವಿವರಿಸಿದ್ದು ಹೀಗೆ: ಪ್ರತಿಯೊಂದು ಸ್ವರಕ್ಕೂ ಮೂರು ಮೂಲಗಳುಂಟು. ಎರಡು ಅನಲಾಗ್ ಸ್ವರಜನಕಗಳು. ಅಂದರೆ ವಿದ್ಯುತ್ತಿನ ಒತ್ತಡ ಏರಿದಂತೆ ಸ್ವರವೂ ಏರುವ ನಿಜವಾದ ಸರ್ಕೀಟುಗಳು. ಮೂರನೆಯದು ಡಿಜಿಟಲ್, ಅಂಕಿಗಳ ಲೆಕ್ಕದಿಂದ ಹುಟ್ಟಿದ ನಾದ. ಈ ಮೂರನ್ನೂ ಬೆರಸಿ ಫಿಲ್ಟರೆಂಬ ಜರಡಿಯ ಮೂಲಕ ಹಾಯಿಸುವರು. ಜರಡಿಯನ್ನು ಬಿಗಿ ಮಾಡಿದರೆ ಬಾಯಿಗೆ ಕೈಯಡ್ಡ ಹಿಡಿದು ಹಾಡಿದಂತೆ ನಾದ ಮಂಕಾಗುವುದು. ಸಡಿಲಿಸಿದರೆ ಕಂಚಿನಂತೆ ಮೊಳಗುವುದು. ನಾದವು ಮೀಟಿದ ತಂತಿಯಂತೆ ತಟ್ಟನೆ ಹುಟ್ಟಬೇಕೋ, ಕೊಳಲಿನಂತೆ ಮೆಲ್ಲನೆ ತುಂಬಿಕೊಳ್ಳಬೇಕೋ, ಎಷ್ಟು ಹೊತ್ತಿನಲ್ಲಿ ಅಡಗಬೇಕೋ ಎಂಬುದಕ್ಕೆ ಬೇರೆ ಗುಂಡಿಗಳು. ಅನಲಾಗ್ ಭಾಗವು ಸೆಕೆಗೆ ಕೊಂಚ ಸರಿಯುವ ಸ್ವಭಾವದ್ದಂತೆ. ಯಂತ್ರವೇ ಅದನ್ನು ಸರಿಪಡಿಸಿಕೊಳ್ಳುತ್ತದೆ. ಚಿಕ್ಕ ತೆರೆಯೊಂದರಲ್ಲಿ ನಾದದ ಅಲೆ ಕುಣಿಯುವುದನ್ನು ಕಾಣಬಹುದು. ನನ್ನಲ್ಲಿ ಹಾಡು ಕಲಿಯಲು ಬರುವ ಹುಡುಗಿಯರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ಏಕಕಾಲಕ್ಕೆ ಹೊರಡುವ ಸ್ವರಗಳು ನಾಲ್ಕೇ. ಐದನೆಯ ಪಟ್ಟಿಯನ್ನು ಒತ್ತಿದರೆ ಮೊದಲಿನವುಗಳಲ್ಲೊಂದು ಸದ್ದಿಲ್ಲದೆ ಜಾಗ ಬಿಟ್ಟುಕೊಡುತ್ತದೆ. ಹತ್ತು ಪಟ್ಟಿಗಳನ್ನೊಮ್ಮೆಗೇ ಒತ್ತಿದರೂ ಹತ್ತಕ್ಕೂ ದನಿಗೊಡುವ ಹಾರ್ಮೋನಿಯಮ್ಮಿನ ಔದಾರ್ಯ ಇದಕ್ಕಿಲ್ಲ. ಆದರೆ ನಮ್ಮ ಶಾಲೆಯ ಗಾನವೃಂದದಲ್ಲಿ ನಿಂತವರು ಬಲ್ಲರು, ಕೀರ್ತನೆಗೆ ಬೇಕಾದ ಸ್ವರಭಾಗಗಳೂ ನಾಲ್ಕೇ. ನಾಲ್ಕನ್ನೂ ಹಿಡಿದು ಜರಡಿಯನ್ನು ಮೆಲ್ಲನೆ ತೆರೆದಾಗ ಕೋಣೆಯಲ್ಲಿ ತುಂಬಿದ ನಾದವು, ಅಜ್ಜಿಯ ಮಾತು ಈ ಹೈಬ್ರಿಡ್ಡಿಗೆ ಸಲ್ಲದೆಂಬುದನ್ನು ಮಾತ್ರ ಖಂಡಿತಪಡಿಸಿತು.

ನಿಜವಾದ ಪರೀಕ್ಷೆ ಬೇರೆಯೇ ಇತ್ತು. ಪ್ಯಾರಿಸಿನ ದೆಬೆಯ್ನನು 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಮಿಷನರಿಗಳ ಸಂಗಡ ನಮ್ಮ ದೇಶಕ್ಕೆ ಬಂದು, ಕಲ್ಕತ್ತೆಯಲ್ಲಿ ಕೈತಿದಿಯ ರೂಪ ತಾಳಿ ಮನೆಮನೆಯನ್ನೂ ಸೇರಿತು. ಆದಾಗ್ಯೂ 1940ರಲ್ಲಿ ಆಕಾಶವಾಣಿಯು ಅದನ್ನು ಬಹಿಷ್ಕರಿಸಿತು; 1971ರವರೆಗೂ ಆ ನಿಷೇಧ ಸಡಿಲಲಿಲ್ಲ. ಮೀಂಡು ಬಾರದೆಂಬುದು ಒಂದು ಆಕ್ಷೇಪಣೆ. ಶ್ರುತಿ ಹೊಂದದೆಂಬುದು ಇನ್ನೊಂದು. ಪಂಡಿತ ಪುಟ್ಟರಾಜ ಗವಾಯಿಗಳಂಥವರು ಅದೇ ವಾದ್ಯವನ್ನು ನುಡಿಸಿ ಕೇಳಿದವರ ಕಣ್ಣು ತುಂಬಿಸಿದ ನಾಡು ನಮ್ಮದಾದುದರಿಂದ ಆ ಬಹಿಷ್ಕಾರವನ್ನು ನಾನು ಒಪ್ಪಲಾರೆ. ಆದರೂ ಎರಡನೆಯ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ.

ಸಪ್ತಕವನ್ನು 1200 ಸೆಂಟುಗಳೆಂದು ಎಣಿಸುವರು. ಸಮಭಾಗದ ವಾದ್ಯದಲ್ಲಿ ಪಟ್ಟಿಯಿಂದ ಪಟ್ಟಿಗೆ 100. ಆದಕಾರಣ ಶುದ್ಧ ಗಾಂಧಾರ 400ರಲ್ಲಿ ನಿಲ್ಲುತ್ತದೆ. ತಂಬೂರಿಯ ಖರಜದ ತಂತಿಯೊಳಗಿಂದ ತಾನಾಗಿಯೇ ಹೊಮ್ಮುವ ಗಾಂಧಾರವಾದರೋ 386. ಈ 14 ಸೆಂಟಿನ ಅಂತರವೇ ಭೂಪ ರಾಗವನ್ನು ಹಾಡುವ ಹುಡುಗಿಯ ಕೊರಳನ್ನು ಅತ್ತಿತ್ತ ಎಳೆಯುವುದು. ಧೈವತದಲ್ಲಿ ಇದು 16. ಹಾರ್ಮೋನಿಯಮ್ಮಿನ ರೀಡುಗಳನ್ನು ಅರದಿಂದ ಉಜ್ಜಿ ಸರಿಮಾಡಿಕೊಂಡರೂ, ಷಡ್ಜವನ್ನು ಬೇರೆ ಪಟ್ಟಿಗೆ ಬದಲಿಸಿದೊಡನೆ ಎಲ್ಲವೂ ಕೆಡುತ್ತದೆ. ಈ ಹೊಸ ವಾದ್ಯದಲ್ಲಿಯೋ ಹನ್ನೆರಡು ಸ್ವರಗಳನ್ನೂ ಬೇಕಾದ ಅಳತೆಗೆ ಇಟ್ಟುಕೊಳ್ಳಬಹುದು. ಷಡ್ಜವನ್ನು ಬದಲಿಸಿದರೆ ಅಳತೆಯೂ ಅದರ ಬೆನ್ನಿಗೇ ಸಾಗುತ್ತದೆ.

ಇದನ್ನು ಕೇಳಿ ನಾನು ಬೆರಗಾದೆನೆಂಬುದು ನಿಜ. ಆದರೆ ಮಗಳ ಕಿವಿಯ ವಿಷಯವಾಗಿ ನನಗಿದ್ದ ಚಿಂತೆಯೇ ಬೇರೆ. ಅವಳಿಗೆ ಹೈದರಾಬಾದಿಗೆ ಹೋಗಿ ಧ್ವನಿಮುದ್ರಣದ ವಿದ್ಯೆ ಕಲಿಯಬೇಕೆಂದು ಆಸೆ. ಅವಳ ತಂದೆಗೆ ಬಿ.ಎಡ್. ಮಾಡಿಸಿ ನೌಕರಿಗೆ ಹಚ್ಚಬೇಕೆಂದು ಆಸೆ. ಚಳಿಗಾಲವೆಲ್ಲ ಮನೆಯಲ್ಲಿ ಅದೇ ಜಗ್ಗಾಟ. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜರಿಗೆ ನಮ್ಮ ಸಂಗೀತವನ್ನು ಹೇಳಿಕೊಟ್ಟ, ಮುಂದೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಮೂಗ್ ಸಿಂಥಸೈಸರ್ ನೆಲೆಗೊಂಡಾಗ ಅದರಿಂದ ಕೃತಿ ರಚಿಸಿದ ಗೀತಾ ಸಾರಾಭಾಯಿಯವರ ಹೆಸರನ್ನು ಮಗಳು ದಿನಕ್ಕೊಮ್ಮೆಯಾದರೂ ಎತ್ತುವಳು. ಆ ಮಹಿಳೆ ಮೊದಲು ಪಖಾವಜು ಕಲಿತವರೆಂಬುದನ್ನು ನಾನು ಅಷ್ಟೇ ಸಲ ನೆನಪಿಸುವೆನು. ಕಿವಿ ಬಲಿಯದವಳಿಗೆ ಅಂಕಿ ತೋರಿಸುವ ಯಂತ್ರ ಊರುಗೋಲಾದೀತು. ಊರುಗೋಲನ್ನು ನೆಚ್ಚಿ ದೂರದ ಊರಿಗೆ ಕಳಿಸಲು ನನಗೆ ಮನಸ್ಸಿರಲಿಲ್ಲ.

ಆದದರಿಂದ ಒಂದು ಸಂಜೆ ತಂಬೂರಿಯನ್ನು ಶ್ರುತಿಮಾಡಿ ಮಗಳನ್ನು ಕೂಡಿಸಿದೆನು. ವಾದ್ಯದ ಷಡ್ಜವನ್ನು ತಂಬೂರಿಗೆ ಹೊಂದಿಸಿಕೊಂಡ ಮೇಲೆ, ಒಂದೇ ಸ್ವರಜನಕವನ್ನಿಟ್ಟು ಉಳಿದವುಗಳ ದನಿಯಡಗಿಸಿ, ಗಾಂಧಾರದ ಪಟ್ಟಿಯನ್ನು ಒತ್ತಿ ಹಿಡಿಯಲು ಹೇಳಿದೆನು. ಆ ಸ್ವರಜನಕದ ಶ್ರುತಿಯ ಗುಂಡಿಯನ್ನು ತಿರುಗಿಸಿದರೆ ಎಷ್ಟು ಸೆಂಟು ಸರಿಯಿತೆಂಬುದು ತೆರೆಯಲ್ಲಿ ಮೂಡುತ್ತದೆ. ತೆರೆಯ ಮೇಲೆ ನನ್ನ ಸೆರಗನ್ನು ಹಾಸಿ, "ಈಗ ಇಳಿಸು, ತಂಬೂರಿ ಸಾಕೆಂದಾಗ ನಿಲ್ಲಿಸು" ಎಂದೆನು. ಮೊದಲು ಎರಡು ನಾದಗಳ ನಡುವೆ ಒಂದು ನಡುಕವಿತ್ತು. ಅವಳು ಕಣ್ಣು ಮುಚ್ಚಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ನಡುಕ ನಿಧಾನವಾಯಿತು. ಆಮೇಲೆ ಒಮ್ಮೆ ತಪ್ಪಿ ಕೆಳಕ್ಕೆ ಜಾರಿತು. ಅವಳೇ ತಿಳಿದು ಹಿಂದಕ್ಕೆ ತಂದಳು. ನಡುಕ ನಿಂತು ಸ್ವರವು ತಂಬೂರಿಯೊಳಗೆ ಕರಗಿತು. "ಅವ್ವಾ, ಇದೇ" ಎಂದಳು.

ಸೆರಗನ್ನು ತೆಗೆದು ನೋಡಿದೆವು. ಹದಿಮೂರು ಸೆಂಟು ಕೆಳಗೆ ಎಂದಿತ್ತು.

ಬಾಗಿಲ ಬಳಿ ನಿಂತಿದ್ದ ಮನೆಯವರು ಲೆಕ್ಕಪತ್ರದ ಕಚೇರಿಯಲ್ಲಿ ಮೂವತ್ತು ವರುಷ ದುಡಿದವರು. "ಇರಬೇಕಾದುದು ಎಷ್ಟು?" ಎಂದು ಕೇಳಿದರು. ಹದಿನಾಲ್ಕೆಂದೆನು. "ಒಂದು ಸೆಂಟು ಎಲ್ಲಿ ಹೋಯಿತು?" ಎಂದರು; ಉತ್ತರಕ್ಕೆ ಕಾಯದೆ ಒಳಗೆ ನಡೆದರು. ಮರುದಿನ ಬೆಳಗ್ಗೆ ಹೈದರಾಬಾದಿನ ಶುಲ್ಕವೆಷ್ಟೆಂದು ಮಗಳನ್ನು ವಿಚಾರಿಸಿ, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ವಾದ್ಯವು ನನ್ನ ಪಾಲಿಗೆ ಮಾಡಿದ ಇನ್ನೊಂದು ಉಪಕಾರವನ್ನೂ ಹೇಳಬೇಕು. ನನ್ನ ಎಡಭುಜ ಹಿಡಿದುಕೊಂಡು, ಕೆಲವು ತಿಂಗಳಿಂದ ಹಾರ್ಮೋನಿಯಮ್ಮಿನ ತಿದಿಯೊತ್ತುವುದು ನನ್ನಿಂದಾಗದು. ಇದಕ್ಕೆ ತಿದಿಯಿಲ್ಲ; ಬಲಗೈಯೊಂದೇ ಸಾಕು. ಆದರೆ ವಿದ್ಯುತ್ತು ಹೋದರೆ ಇದೂ ಹೋದಂತೆಯೇ. ಕೊರಳಿನ ಮೀಂಡನ್ನು ಅನುಸರಿಸಲು ಒಂದು ಗೂಟದಂಥ ಕೋಲನ್ನು ಎಡಗೈಯಿಂದ ಒಲೆಸಬೇಕು. ಅದರಿಂದ ಸ್ವರ ಜಾರುವುದು ನಿಜ, ಕೊರಳಿನಂತೆ ತಡೆತಡೆದು ಏರುವುದಿಲ್ಲ.

ಜೂನ್ ತಿಂಗಳಲ್ಲಿ ಮಗಳ ಸಂಗಡ ಇದೂ ಹೈದರಾಬಾದಿಗೆ ಹೊರಡುವುದು. ಹಾರ್ಮೋನಿಯಮ್ಮಿನ ರೀಡುಗಳ ಧೂಳನ್ನು ಈಗಾಗಲೇ ತೆಗೆಸಿದ್ದೇನೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶನಿವಾರಗಳಲ್ಲಿ ಬಂದು ನನಗಾಗಿ ತಿದಿಯೊತ್ತಲು ಒಪ್ಪಿದ್ದಾಳೆ. ಗಾಂಧಾರ ಬಂದಾಗಲೆಲ್ಲ ಅವಳು ನನ್ನ ಮುಖವನ್ನು ನೋಡುತ್ತಾಳೆ.